ಹಿಮ ಬಿದ್ದ ಮರುದಿನ ವಾಲ್‌ನಟ್ ಕ್ಯಾನಿಯನ್‌ಗೆ: ಫೀನಿಕ್ಸ್‌ನಿಂದ ಹೊರಟು ಸಂಜೆಯೊಳಗೆ ಮರಳುವ ಸಮಗ್ರ ಮಾರ್ಗದರ್ಶಿ

ಪ್ರತಿ ಚಳಿಗಾಲದಲ್ಲೂ ಇದೇ ಕಥೆ. ಉತ್ತರ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಸ್ನೋ ಬಿತ್ತೆಂಬ ಸುದ್ದಿ ಶುಕ್ರವಾರ ರಾತ್ರಿ ವಾಟ್ಸಾಪ್ ಗುಂಪಿಗೆ ಬರುತ್ತದೆ. ಶನಿವಾರ ತಿಂಡಿ ಮುಗಿಸಿ ಹತ್ತು ಗಂಟೆಗೆ ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಿಂದಲೋ ಗಿಲ್ಬರ್ಟ್‌ನಿಂದಲೋ ಕಾರು ಹೊರಡುತ್ತದೆ. ಐ-17 ಹೆದ್ದಾರಿಯಲ್ಲಿ ಟ್ರಾಫಿಕ್, ದಾರಿಯಲ್ಲಿ ಸ್ನೋ ಆಟ. ಅಂತೂ ಬಂಡೆಯ ಪೊಟರೆಗಳಲ್ಲಿ ಕಟ್ಟಿದ ಪುರಾತನ ಮನೆಗಳಿರುವ ಕಣಿವೆ ವಾಲ್‌ನಟ್ ಕ್ಯಾನಿಯನ್ ಮುಟ್ಟುವಾಗ ಎರಡೂವರೆ. ಅಲ್ಲಿ ನೋಡಿದರೆ ಬಂಡೆಮನೆಗಳಿಗೆ ಇಳಿಯುವ ಐಲ್ಯಾಂಡ್ ಟ್ರೇಲ್‌ಗೆ ಬೀಗ. ಬೀಗ ಇಲ್ಲದಿದ್ದರೆ ಕಾಲಲ್ಲಿ ಒದ್ದೆಯಾದ ಸ್ನೀಕರ್ಸ್.

ಈ ಪ್ರವಾಸ ಕೆಡುವುದು ಬಹುಪಾಲು ಮನೆ ಬಿಡುವ ಮೊದಲೇ. ಸರಿಯಾದ ಕ್ರಮದಲ್ಲಿ ಮಾಡಿದರೆ ಕಷ್ಟವೇನಿಲ್ಲ. ಕಣಿವೆಯಲ್ಲಿ ಎರಡು ಗಂಟೆಯ ಕೆಲಸ, ಉಳಿದದ್ದೆಲ್ಲ ದಾರಿ.

## ಹಂತ 1: ದಿನ ಆರಿಸುವುದು

ಹಿಮ ಬೀಳುತ್ತಿರುವ ದಿನ ಹೋಗಬೇಡಿ. ಬಿದ್ದು ನಿಂತು, ಬಿಸಿಲು ಬಂದ ಮರುದಿನ ಅಥವಾ ಮೂರನೆಯ ದಿನ ಹೋಗಿ. ಬೀಳುವಾಗ ಕಣಿವೆಯಲ್ಲಿ ಎದುರಿನ ಗೋಡೆಯೇ ಕಾಣುವುದಿಲ್ಲ, ಟ್ರೇಲ್ ಬಹುತೇಕ ಮುಚ್ಚಿರುತ್ತದೆ, ಮೇಲಾಗಿ ನಡುದಾರಿಯ ಊರಾದ ಕ್ಯಾಂಪ್ ವರ್ಡೆಯಿಂದ ಫ್ಲ್ಯಾಗ್‌ಸ್ಟಾಫ್‌ವರೆಗಿನ ಹೆದ್ದಾರಿಯನ್ನೇ ಕೆಲವೊಮ್ಮೆ ಬಂದ್ ಮಾಡುತ್ತಾರೆ. ಬೇಕಾದದ್ದು ಮೆಟ್ಟಿಲು ಸ್ವಚ್ಛವಾಗಿದ್ದು ಬಂಡೆಯ ಮೇಲೆ ಹಿಮ ಇನ್ನೂ ಉಳಿದಿರುವ ದಿನ. ಆ ಅವಧಿ ಚಿಕ್ಕದು, ಒಂದೆರಡು ದಿನ ಅಷ್ಟೇ.

ಹಿಂದಿನ ರಾತ್ರಿ ಮೂರು ಕಡೆ ನೋಡಿ:

1. ನ್ಯಾಷನಲ್ ವೆದರ್ ಸರ್ವಿಸ್‌ನ ಫ್ಲ್ಯಾಗ್‌ಸ್ಟಾಫ್ ಕಚೇರಿಯ ಮುನ್ಸೂಚನೆ. ಫೋನಿನ ಹವಾಮಾನ ಆ್ಯಪ್ ತೋರಿಸುವುದು ನಿಮ್ಮೂರಿನ ಹವೆ. ವಾಲ್‌ನಟ್ ಕ್ಯಾನಿಯನ್ ಎಂದೇ ಹುಡುಕಿ, ಗಾಳಿಯ ವೇಗವನ್ನೂ ಗಮನಿಸಿ.
2. ಅರಿಜೋನಾ ಸಾರಿಗೆ ಇಲಾಖೆಯ 511 ಸೇವೆ. ಐ-17ರ ಕ್ಯಾಮೆರಾ ಚಿತ್ರಗಳಲ್ಲಿ ಫ್ಲ್ಯಾಗ್‌ಸ್ಟಾಫ್‌ಗೆ ಮುಂಚೆ ಸಿಗುವ ಮಂಡ್ಸ್ ಪಾರ್ಕ್ ಸುತ್ತಲಿನ ರಸ್ತೆ ಕಪ್ಪಗಿದೆಯೋ ಬಿಳಿಯಾಗಿದೆಯೋ ನೋಡಿ.
3. ನ್ಯಾಷನಲ್ ಪಾರ್ಕ್ ಸರ್ವಿಸ್‌ನ ವಾಲ್‌ನಟ್ ಕ್ಯಾನಿಯನ್ ಪುಟದ ಎಚ್ಚರಿಕೆಗಳು. ಟ್ರೇಲ್ ಮುಚ್ಚಿದ್ದರೆ ಅಲ್ಲಿ ಬರೆದಿರುತ್ತಾರೆ. ಬರೆದಿಲ್ಲ ಎಂದ ಮಾತ್ರಕ್ಕೆ ತೆರೆದಿದೆ ಅಂತಲ್ಲ, ಬೆಳಗ್ಗೆ ಒಂಬತ್ತರ ನಂತರ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಆ ಹೊತ್ತಿಗೆ ನೀವು ದಾರಿಯಲ್ಲಿರುತ್ತೀರಿ, ಪರವಾಗಿಲ್ಲ. ಟ್ರೇಲ್ ಮುಚ್ಚಿದ್ದರೆ ಏನು ಮಾಡಬೇಕೆಂದು ಹಂತ 9ರಲ್ಲಿದೆ.

ಡಿಸೆಂಬರ್ 25ರಂದು ರಜೆ. ಸಾಧ್ಯವಿದ್ದರೆ ವಾರದ ದಿನ ಹೋಗಿ. ಸ್ನೋ ಬಿದ್ದ ವಾರಾಂತ್ಯದಲ್ಲಿ ಇಡೀ ಫೀನಿಕ್ಸ್ ಕಣಿವೆಯೇ ಉತ್ತರಕ್ಕೆ ಹೊರಟಂತಿರುತ್ತದೆ.

## ಹಂತ 2: ಫೀನಿಕ್ಸ್ ಕಾರನ್ನು ಚಳಿಗೆ ಸಿದ್ಧ ಮಾಡುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ, ಹೆಚ್ಚು ತೊಂದರೆ ಕೊಡುವುದೂ ಇದೇ. ಫೀನಿಕ್ಸ್ ಇರುವುದು ಸುಮಾರು 1,100 ಅಡಿಯಲ್ಲಿ. ಕಣಿವೆಯ ಅಂಚು 6,690 ಅಡಿಯಲ್ಲಿ, ಅಂದರೆ 2,039 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ನೂರು ಮೀಟರ್ ಮೇಲೆ. ಎರಡೂವರೆ ಗಂಟೆಯಲ್ಲಿ ಕಾರು ಬೇರೊಂದು ಋತುವಿನೊಳಗೆ ನುಗ್ಗುತ್ತದೆ.

ಟೈರ್ ಒತ್ತಡ. ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಒತ್ತಡ ಹೆಚ್ಚುಕಡಿಮೆ 1 ಪಿಎಸ್‌ಐ ಇಳಿಯುತ್ತದೆ. ಮನೆಯಲ್ಲಿ 50 ಡಿಗ್ರಿ, ಮೇಲೆ 15 ಡಿಗ್ರಿ ಇದ್ದರೆ ಮೂರರಿಂದ ನಾಲ್ಕು ಪಿಎಸ್‌ಐ ಹೋಯಿತು. ಮಂಡ್ಸ್ ಪಾರ್ಕ್ ಹತ್ತಿರ ಹಳದಿ ದೀಪ ಹೊತ್ತಿಕೊಂಡಾಗ ಪಂಕ್ಚರ್ ಆಯಿತೆಂದು ಹೆದ್ದಾರಿಯ ಬದಿಗೆ ನಿಲ್ಲಿಸುವವರು ಬಹಳ. ಅದೇ ದೊಡ್ಡ ಅಪಾಯ. ಹೊರಡುವ ಮುನ್ನ ಟೈರ್ ತಣ್ಣಗಿರುವಾಗ ಬಾಗಿಲ ಚೌಕಟ್ಟಿನ ಮೇಲೆ ಬರೆದಷ್ಟು ಗಾಳಿ ತುಂಬಿಸಿ, ಸಣ್ಣ ಏರ್ ಪಂಪ್ ಒಂದನ್ನು ಜೊತೆಗಿಟ್ಟುಕೊಳ್ಳಿ.

ಟೈರ್ ಪಟ್ಟೆ. ಕ್ವಾರ್ಟರ್ ನಾಣ್ಯವನ್ನು ವಾಷಿಂಗ್ಟನ್ ತಲೆ ಕೆಳಗಾಗಿ ಪಟ್ಟೆಯೊಳಗೆ ಇಳಿಸಿ. ತಲೆಯ ತುದಿ ಮುಚ್ಚದಿದ್ದರೆ 4/32 ಇಂಚೂ ಉಳಿದಿಲ್ಲ ಎಂದರ್ಥ. ಅಂಥ ಟೈರ್ ಒಣ ಚಾಂಡ್ಲರ್‌ಗೆ ಸಾಕು, ಇಲ್ಲಿಗೆ ಬೇಡ. ಟೈರ್ ಪಕ್ಕದಲ್ಲಿ ಎಂ+ಎಸ್ (ಕೆಸರು ಮತ್ತು ಹಿಮ) ಗುರುತು ಇದೆಯೇ ನೋಡಿ, ಮೂರು ಶಿಖರದ ನಡುವೆ ಹಿಮಹರಳಿನ ಗುರುತಿದ್ದರೆ ಇನ್ನೂ ಒಳ್ಳೆಯದು. ಆಲ್ ವೀಲ್ ಡ್ರೈವ್ ಇದೆ ಎಂಬ ಧೈರ್ಯ ಅರ್ಧ ಸತ್ಯ. ಅದು ಹೊರಡಲು ಸಹಾಯ ಮಾಡುತ್ತದೆ, ನಿಲ್ಲಿಸಲು ಅಲ್ಲ.

ಗಾಜು ತೊಳೆಯುವ ದ್ರವ. ಬೇಸಿಗೆಯಲ್ಲಿ ತುಂಬಿದ ನೀಲಿ ದ್ರವವೋ, ಕೆಲವರು ತುಂಬುವ ಬರೀ ನೀರೋ, ಗಾಜಿನ ಮೇಲೆ ಬಿದ್ದ ಕ್ಷಣ ಹೆಪ್ಪುಗಟ್ಟುತ್ತದೆ. ಗಂಟೆಗೆ 65 ಮೈಲಿಯಲ್ಲಿ ಮುಂದಿನ ಲಾರಿ ಎರಚಿದ ಕೆಸರನ್ನು ಒರೆಸಲು ಹೋಗಿ ಪೂರ್ತಿ ಕುರುಡಾಗುವುದು ಹೀಗೆ. ಮೈನಸ್ 20 ಫ್ಯಾರನ್‌ಹೀಟ್‌ವರೆಗೆ ತಡೆಯುವ ದ್ರವ ತುಂಬಿಸಿ. ಹಳೆಯದನ್ನು ಖಾಲಿ ಮಾಡಿ ತುಂಬಿಸಬೇಕು, ಮೇಲೆ ಸುರಿದರೆ ಶಕ್ತಿ ಕುಂದುತ್ತದೆ. ವೈಪರ್ ರಬ್ಬರನ್ನೂ ಬೆರಳಾಡಿಸಿ ನೋಡಿ, ಫೀನಿಕ್ಸ್ ಬಿಸಿಲಿಗೆ ಅದು ಹಪ್ಪಳದಂತೆ ಸೀಳಿರುತ್ತದೆ.

ಬ್ಯಾಟರಿ. ಬೇಸಿಗೆಯ ಸೆಕೆ ಬ್ಯಾಟರಿಯನ್ನು ಒಳಗೊಳಗೇ ಸವೆಸಿರುತ್ತದೆ, ಗೊತ್ತಾಗುವುದು ಚಳಿಯಲ್ಲಿ. ಮೂರು ವರ್ಷ ದಾಟಿದ್ದರೆ ಬಿಡಿಭಾಗದ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ.

ಡಿಕ್ಕಿಯಲ್ಲಿ: ಐಸ್ ಕೆರೆಯುವ ಸ್ಕ್ರೇಪರ್, ಸಣ್ಣ ಸಲಿಕೆ, ಒಬ್ಬೊಬ್ಬರಿಗೆ ಒಂದು ಕಂಬಳಿ, ಟಾರ್ಚ್, ಜಂಪರ್ ಕೇಬಲ್, ನಾಲ್ಕೈದು ಕಿಲೋ ಮರಳು ಅಥವಾ ಬೆಕ್ಕಿನ ಲಿಟರ್. ಬಾಡಿಗೆ ಕಾರಾದರೆ ಚೈನ್ ಹಾಕಲು ಒಪ್ಪಂದದಲ್ಲಿ ಅನುಮತಿ ಇದೆಯೇ ಓದಿ, ಹಲವರು ಬಿಡುವುದಿಲ್ಲ.

## ಹಂತ 3: ಮೈಗೆ, ಕಾಲಿಗೆ, ಹೊಟ್ಟೆಗೆ

ಜೀನ್ಸ್ ಮತ್ತು ಹತ್ತಿ ಸಾಕ್ಸ್ ಮನೆಯಲ್ಲೇ ಇರಲಿ. ಹತ್ತಿ ಒಮ್ಮೆ ಒದ್ದೆಯಾದರೆ ಆ ದಿನ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಹೀರುತ್ತದೆ. ಒಳಗೆ ಸಿಂಥೆಟಿಕ್ ಅಥವಾ ಉಣ್ಣೆಯ ಥರ್ಮಲ್, ನಡುವೆ ಫ್ಲೀಸ್, ಹೊರಗೆ ಗಾಳಿ ತಡೆಯುವ ಜಾಕೆಟ್. ಒಂದೇ ದಪ್ಪ ಜಾಕೆಟ್ ಹಾಕಿಕೊಂಡರೆ ಹತ್ತುವಾಗ ಬೆವರಿ, ನಿಂತಾಗ ಆ ಬೆವರೇ ನಡುಗಿಸುತ್ತದೆ. ಊರಿಂದ ಬಂದ ಅಪ್ಪ ತಂದ ಮಂಕಿ ಕ್ಯಾಪ್ ನೋಡಿ ನಗಬೇಡಿ. ಕಿವಿ, ಕತ್ತು, ಗಲ್ಲ ಮೂರನ್ನೂ ಮುಚ್ಚುವ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲಿನ ಅಂಗಡಿಗಳಲ್ಲೂ ಸುಲಭಕ್ಕೆ ಸಿಗದು.

ಕಾಲಿಗೆ ಕಣಕಾಲು ಮುಚ್ಚುವ, ನೀರು ಒಳಬಿಡದ ಬೂಟು. ಅದರ ಮೇಲೆ ಎಳೆದು ಹಾಕುವ ಮೈಕ್ರೋಸ್ಪೈಕ್ಸ್, ಅಂದರೆ ರಬ್ಬರ್ ಪಟ್ಟಿಗೆ ಸರಪಳಿ ಮತ್ತು ಸಣ್ಣ ಉಕ್ಕಿನ ಮೊಳೆಗಳಿರುವವು. ತಂತಿ ಸುರುಳಿಯ ಅಗ್ಗದವು ಪಾರ್ಕಿಂಗ್ ಜಾಗಕ್ಕೆ ಸರಿ, ಮೆಟ್ಟಿಲಿಗೆ ಸಾಲವು. ಮನೆಯಲ್ಲೇ ಒಮ್ಮೆ ಹಾಕಿ ತೆಗೆದು ಅಭ್ಯಾಸ ಮಾಡಿಕೊಳ್ಳಿ, ಮರಗಟ್ಟಿದ ಬೆರಳಲ್ಲಿ ಎಡ ಬಲ ಹುಡುಕುತ್ತ ಕೂರಬಾರದು. ಪ್ರತಿಯೊಬ್ಬರಿಗೂ ಒಂದು ಜೊತೆ ಹೆಚ್ಚುವರಿ ಸಾಕ್ಸ್ ಕಾರಲ್ಲಿರಲಿ.

ತಂಪು ಕನ್ನಡಕ ಮತ್ತು ಸನ್‌ಸ್ಕ್ರೀನ್ ಬೇಕೇ ಬೇಕು. ಎತ್ತರದಲ್ಲಿ ಹಿಮ ಬಿಸಿಲನ್ನು ಕೆಳಗಿನಿಂದಲೂ ಎಸೆಯುತ್ತದೆ, ಮೂಗಿನ ಅಡಿಭಾಗ ಸುಡುವುದು ಅದಕ್ಕೇ.

ತಲೆಗೊಂದು ಲೀಟರ್ ನೀರು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಒಣಹವೆ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಊಟಕ್ಕೆ ಚಿತ್ರಾನ್ನ ಕಟ್ಟಿಕೊಂಡು ಹೋಗುವವರಿಗೆ ಒಂದು ಮಾತು: ತಣ್ಣಗಾದ ಅನ್ನ ಕಾಳುಕಾಳಾಗಿ ಗಟ್ಟಿಯಾಗುತ್ತದೆ, ಗ್ಲೌಸ್ ಬಿಚ್ಚದೆ ತಿನ್ನಲೂ ಆಗುವುದಿಲ್ಲ. ಪಲ್ಯ ಸುತ್ತಿದ ಚಪಾತಿ ರೋಲ್ ಮತ್ತು ಫ್ಲಾಸ್ಕಿನಲ್ಲಿ ಬಿಸಿ ಸಾರು ಸರಿಯಾದ ಜೋಡಿ.

ಸಾಧ್ಯವಿದ್ದರೆ ಒಂದು ಬೈನಾಕ್ಯುಲರ್. ಯಾಕೆಂದು ಮುಂದೆ ತಿಳಿಯುತ್ತದೆ.

## ಹಂತ 4: ದಾರಿ

ಫೀನಿಕ್ಸ್‌ನಿಂದ ಬೆಳಗ್ಗೆ 6:45ರ ಸುಮಾರಿಗೆ ಹೊರಡಿ. ಅದಕ್ಕಿಂತ ಬೇಗ ಬೇಡ. ಕ್ಯಾಂಪ್ ವರ್ಡೆ 3,100 ಅಡಿಯ ಸುಮಾರಿನಲ್ಲಿದೆ, ಅಲ್ಲಿಂದ ಮುಂದೆ ಏರು ಶುರು. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳೂವರೆಗೆ, ರಾತ್ರಿ ಕರಗಿ ಹೆಪ್ಪುಗಟ್ಟಿದ ಬ್ಲ್ಯಾಕ್ ಐಸ್ ಆ ಏರಿನ ನೆರಳಿನ ತಿರುವುಗಳಲ್ಲಿ ಎಂಟೂವರೆವರೆಗೂ ಇರುತ್ತದೆ. ಕ್ಯಾಂಪ್ ವರ್ಡೆಯಲ್ಲಿ ಎಂಟೂಕಾಲಕ್ಕೆ ನಿಂತು ಪೆಟ್ರೋಲ್ ಪೂರ್ತಿ ತುಂಬಿಸಿ, ಎಲ್ಲರೂ ಶೌಚಾಲಯ ಮುಗಿಸಿ, ಕಾಫಿ ಕುಡಿದು ಹೊರಡಿ. ಆ ವೇಳೆಗೆ ಮೇಲಿನ ರಸ್ತೆಗೆ ಬಿಸಿಲು ತಾಕಿರುತ್ತದೆ.

ಏರಿನಲ್ಲಿ ಪಾಲಿಸಬೇಕಾದ್ದು ಇಷ್ಟು:

- ಕ್ರೂಸ್ ಕಂಟ್ರೋಲ್ ಆರಿಸಿ. ಚಕ್ರ ಜಾರಿದರೆ ಅದು ಇನ್ನಷ್ಟು ವೇಗ ಕೊಡಲು ನೋಡುತ್ತದೆ.
- ಮುಂದಿನ ವಾಹನಕ್ಕೆ ಎಂಟರಿಂದ ಹತ್ತು ಸೆಕೆಂಡ್ ಅಂತರ. ಇಲ್ಲಿ ರಸ್ತೆಗೆ ಜ್ವಾಲಾಮುಖಿಯ ಸಿಂಡರ್ ಕಲ್ಲುಪುಡಿ ಚೆಲ್ಲುತ್ತಾರೆ, ಹತ್ತಿರ ಹೋದರೆ ಗಾಜಿಗೆ ಏಟು.
- ಸೇತುವೆಗಳ ಮೇಲೆ ಬ್ರೇಕ್ ಒತ್ತಬೇಡಿ, ಮೊದಲೇ ನಿಧಾನಿಸಿ. ಕೆಳಗೂ ಗಾಳಿ ಆಡುವುದರಿಂದ ಸೇತುವೆ ಮೊದಲು ಹೆಪ್ಪುಗಟ್ಟುತ್ತದೆ.
- ಜಾರಿದರೆ ಎಬಿಎಸ್ ಇರುವ ಕಾರಿನಲ್ಲಿ ಬ್ರೇಕನ್ನು ಒತ್ತಿ ಬಿಟ್ಟು ಮಾಡಬೇಡಿ, ಗಟ್ಟಿಯಾಗಿ ಒತ್ತಿ ಹಿಡಿದು ಹೋಗಬೇಕಾದ ಕಡೆಗೆ ಸ್ಟೀರಿಂಗ್ ತಿರುಗಿಸಿ. ಕಾಲಡಿ ಪೆಡಲ್ ಗಡಗಡ ನಡುಗುವುದು ಸಹಜ.
- ಹಿಮ ತಳ್ಳುವ ಪ್ಲೋ ವಾಹನವನ್ನು ಓವರ್‌ಟೇಕ್ ಮಾಡಬೇಡಿ. ಅದರ ಹಿಂದಿನ ರಸ್ತೆಯೇ ಆ ಊರಿನ ಅತ್ಯುತ್ತಮ ರಸ್ತೆ.

ರಸ್ತೆ ಒದ್ದೆಯಾದಂತೆ ಹೊಳೆಯುತ್ತಿದ್ದು ಟೈರಿನ ಸದ್ದು ಇದ್ದಕ್ಕಿದ್ದಂತೆ ಅಡಗಿದರೆ ನೀವು ಐಸ್ ಮೇಲಿದ್ದೀರಿ. ಆ್ಯಕ್ಸಿಲರೇಟರ್‌ನಿಂದ ಕಾಲು ಮೆಲ್ಲಗೆ ತೆಗೆಯಿರಿ, ಅಷ್ಟೇ.

ಫ್ಲ್ಯಾಗ್‌ಸ್ಟಾಫ್‌ನಲ್ಲಿ ಐ-40 ಪೂರ್ವಕ್ಕೆ ತಿರುಗಿ, 204ನೇ ಎಕ್ಸಿಟ್‌ನಲ್ಲಿ ಇಳಿದು ದಕ್ಷಿಣಕ್ಕೆ ಮೂರು ಮೈಲಿ. ಬೇರೆ ದಾರಿ ಬೇಡ. ಊರೊಳಗಿಂದ ಅಡ್ಡದಾರಿ ಇದೆ ಎಂದು ಮ್ಯಾಪ್ ಹೇಳಬಹುದು, ಅದು ಕಾಡಿನ ಮಣ್ಣುರಸ್ತೆ. ಹಿಮ ಕರಗಿದಾಗ ಅಕ್ಷರಶಃ ಹೂಳು.

ದಾರಿಬದಿಯಲ್ಲಿ ಕಾರು ನಿಲ್ಲಿಸಿ ಸ್ನೋ ಆಡಬೇಡಿ. ಹಿಂದಿನ ಕಾರು ಜಾರಿದರೆ ಬರುವುದು ನೇರ ನಿಮ್ಮ ಮಕ್ಕಳ ಮೇಲೆ.

## ಹಂತ 5: ಕೌಂಟರ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳು

ಹತ್ತು ಗಂಟೆ ಸುಮಾರಿಗೆ ವಿಸಿಟರ್ ಸೆಂಟರ್ ತಲುಪುತ್ತೀರಿ. ವಾರ್ಷಿಕ ಪಾಸ್ ಇದ್ದರೆ ಫೋಟೋ ಗುರುತುಚೀಟಿಯನ್ನೂ ತನ್ನಿ, ಇಲ್ಲದಿದ್ದರೆ ಕಾರ್ಡ್ ಕೈಗೆ ಸಿಗುವಂತಿರಲಿ. ನಾಯಿಯನ್ನು ಟ್ರೇಲ್‌ಗೆ ಬಿಡುವುದಿಲ್ಲ, ಆದ್ದರಿಂದ ಕರೆತರಲೇಬೇಡಿ.

ಫೋಟೋ, ಅಂಗಡಿ ಎಲ್ಲ ಆಮೇಲೆ. ಮೊದಲು ರೇಂಜರ್ ಹತ್ತಿರ ಹೋಗಿ ಕೇಳಿ: ಐಲ್ಯಾಂಡ್ ಟ್ರೇಲ್ ಈಗ ತೆರೆದಿದೆಯೇ? ಇಲ್ಲವಾದರೆ ಇಂದು ತೆರೆಯುವ ಸಾಧ್ಯತೆ ಇದೆಯೇ? ಎಷ್ಟು ಗಂಟೆಯ ನಂತರ ಇಳಿಯಲು ಬಿಡುವುದಿಲ್ಲ?

ತೆರೆದಿದ್ದರೆ ತಕ್ಷಣ ಇಳಿಯಿರಿ. ಕಣಿವೆಯ ಅಂಚಿನ ಮೇಲೆಯೇ ಸಾಗುವ ರಿಮ್ ಟ್ರೇಲ್ ಆಮೇಲಾಗಲಿ ಎನ್ನುವುದೇ ಸರಿ, ಏಕೆಂದರೆ ಮಧ್ಯಾಹ್ನ ಮೆಟ್ಟಿಲ ಮೇಲೆ ಹರಿಯುವ ಕರಗುನೀರು ಮೂರು ಗಂಟೆಗೆ ನೆರಳು ಬಿದ್ದೊಡನೆ ಗಾಜಾಗುತ್ತದೆ, ಮತ್ತೆ ಬಾಗಿಲು ಹಾಕುತ್ತಾರೆ. ಇನ್ನೂ ತೆರೆದಿಲ್ಲ, ಸಿಬ್ಬಂದಿ ಐಸ್ ಒಡೆಯುತ್ತಿದ್ದಾರೆ ಎಂದರೆ ರಿಮ್ ಟ್ರೇಲ್ ಮೊದಲು ಮುಗಿಸಿ ಬಂದು ಮತ್ತೊಮ್ಮೆ ಕೇಳಿ. "ನಮ್ಮ ಹತ್ತಿರ ಸ್ಪೈಕ್ಸ್ ಇದೆ, ಬಿಡಿ" ಎಂದು ವಾದಿಸಿ ಫಲವಿಲ್ಲ. ನಿಮ್ಮ ಕಾಲಿಗೆ ಸ್ಪೈಕ್ಸ್ ಇರಬಹುದು, ಮೇಲಿಂದ ಬೀಳುವ ಐಸ್‌ಗೆ ಅದು ಲೆಕ್ಕಕ್ಕಿಲ್ಲ.

## ಹಂತ 6: ಇಳಿಯುವುದು

ಐಲ್ಯಾಂಡ್ ಟ್ರೇಲ್ ಸುತ್ತಿ ಬರಲು ಸುಮಾರು ಒಂದು ಮೈಲಿ. 185 ಅಡಿ ಇಳಿತ, ಹತ್ತಿಪ್ಪತ್ತಲ್ಲ, 240ಕ್ಕೂ ಹೆಚ್ಚು ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಇದೇನು ಮಹಾ ಅನಿಸಬಹುದು. ಅಲ್ಲಿ ಮೊದಲು ಹತ್ತಿ ಆಮೇಲೆ ಇಳಿಯುತ್ತೀರಿ, ಇಲ್ಲಿ ಅದು ತಿರುಗುಮುರುಗು. ದಣಿದ ಮೇಲೆ ಹತ್ತಬೇಕು, ಅದೂ ಎರಡು ಸಾವಿರ ಮೀಟರ್ ಎತ್ತರದ ತೆಳುಗಾಳಿಯಲ್ಲಿ.

ಮಂಡಿನೋವು, ಹೃದಯ ಅಥವಾ ಉಸಿರಾಟದ ತೊಂದರೆ ಇರುವ ಹಿರಿಯರು ಮೇಲೆಯೇ ಇರಲಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಇಳಿಯುವ ಕ್ರಮ ಹೀಗೆ: ಕೈ ಕಂಬಿಯ ಮೇಲೆ, ಪಾದ ಸ್ವಲ್ಪ ಅಡ್ಡ, ಹಿಮ್ಮಡಿ ಮೊದಲಲ್ಲ, ಇಡೀ ಅಂಗಾಲು ಒಟ್ಟಿಗೆ. ಮಕ್ಕಳು ದೊಡ್ಡವರ ಮುಂದೆ ಅಲ್ಲ, ಪಕ್ಕದಲ್ಲಿ ಗೋಡೆಯ ಕಡೆಗೆ. ಜೇಬಿನಲ್ಲಿ ಕೈ ಇಟ್ಟು ಇಳಿಯುವವರೇ ಹೆಚ್ಚು ಬೀಳುತ್ತಾರೆ. ಫೋನ್ ಬೇಕಾದರೆ ಮೊದಲು ನಿಲ್ಲಿ, ಆಮೇಲೆ ತೆಗೆಯಿರಿ.

ಟ್ರೇಲ್ ಸುತ್ತುವುದು ಕಣಿವೆಯೊಳಗೆ ಚಾಚಿಕೊಂಡ ಬಂಡೆಯ ಮೂಗೊಂದನ್ನು. ಹಾಗಾಗಿ ಒಂದೇ ಸುತ್ತಿನಲ್ಲಿ ಎರಡು ಹವಾಮಾನ. ದಕ್ಷಿಣಕ್ಕೆ ಮುಖ ಮಾಡಿದ ಕಡೆ ಯೂಕಾ, ಪಾಪಾಸುಕಳ್ಳಿ, ಒಣ ಕಾಂಕ್ರೀಟ್. ಉತ್ತರದ ಕಡೆ ಡಗ್ಲಸ್ ಫರ್ ಮರಗಳು, ದಿನಗಟ್ಟಲೆ ಉಳಿಯುವ ಐಸ್. ಗಿಡ ಬದಲಾದದ್ದು ಕಂಡೊಡನೆ ಹೆಜ್ಜೆ ಬದಲಿಸಿ, ಅದಕ್ಕಿಂತ ಒಳ್ಳೆಯ ಎಚ್ಚರಿಕೆ ಫಲಕ ಇಲ್ಲ. ಒಣ ಜಾಗದಲ್ಲಿ ಸ್ಪೈಕ್ಸ್ ಬಿಚ್ಚಿ. ಬರಿಯ ಕಾಂಕ್ರೀಟಿನ ಮೇಲೆ ಉಕ್ಕಿನ ಮೊಳೆ ಹಿಡಿಯುವುದಿಲ್ಲ, ಜಾರುತ್ತದೆ.

## ಹಂತ 7: ಬಂಡೆಮನೆಗಳ ಮುಂದೆ

ದಾರಿಯ ಪಕ್ಕದಲ್ಲೇ ಸುಮಾರು 25 ಕೋಣೆಗಳು. ಸುಣ್ಣಕಲ್ಲಿನ ಪದರಗಳ ನಡುವೆ ಮೆದುವಾದದ್ದು ಸವೆದು ಆದ ಪೊಟರೆ, ಮೇಲೆ ಬಂಡೆಯ ಸೂರು, ಮುಂದೆ ಕಲ್ಲು ಜೋಡಿಸಿ ಮಣ್ಣು ಮೆತ್ತಿದ ಗೋಡೆ. ಸುಮಾರು 1125ರಿಂದ 1250ರವರೆಗೆ ಇಲ್ಲಿ ಸಂಸಾರಗಳಿದ್ದವು. ಈ ಸೀಮೆಯ ಮೂಲನಿವಾಸಿಗಳಾದ ಹೋಪಿ ಜನ ಅವರನ್ನು ತಮ್ಮ ಪೂರ್ವಜರೆಂದು ಕಾಣುತ್ತಾರೆ, ಆದ್ದರಿಂದ ಹಿರಿಯರ ಮನೆಯಲ್ಲಿ ನಡೆದುಕೊಳ್ಳುವಂತೆ ನಡೆದುಕೊಳ್ಳಿ.

ಹಿಮದ ದಿನ ಇಲ್ಲಿ ಒಂದು ನಿಮಿಷ ಸುಮ್ಮನೆ ನಿಂತು ನೆಲ ನೋಡಿ. ದಾರಿಯ ಮೇಲೆ ಕಣಕಾಲು ಮುಳುಗುವ ಹಿಮ. ಬಂಡೆಯ ಸೂರಿನ ಅಂಚಿಂದ ಹನಿ ತೊಟ್ಟಿಕ್ಕಿ ಹಿಮದಲ್ಲಿ ಸಾಲಾಗಿ ತೂತು. ಆ ಸಾಲಿನಿಂದ ಒಂದು ಹೆಜ್ಜೆ ಒಳಗೆ ಒಣ ಧೂಳು. ಒಳಗಿನ ಸೂರು ಮಸಿಯಿಂದ ಕಪ್ಪು, ಅದು ಎಂಟು ನೂರು ವರ್ಷದ ಹಿಂದಿನ ಒಲೆಯ ಹೊಗೆ. ತಗ್ಗಿನ ಬಾಗಿಲಿಂದ ತಂಗಾಳಿ ಒಳಗೆ, ಅದರ ಮೇಲಿನ ಸಣ್ಣ ಕಿಂಡಿಯಿಂದ ಹೊಗೆ ಹೊರಗೆ. ಹೆಚ್ಚಿನ ಮನೆಗಳು ದಕ್ಷಿಣಕ್ಕೋ ಪೂರ್ವಕ್ಕೋ ಮುಖ ಮಾಡಿದ್ದು ಯಾಕೆಂದು ಜನವರಿಯ ಬಿಸಿಲಲ್ಲಿ ಯಾರೂ ಹೇಳಿಕೊಡಬೇಕಿಲ್ಲ.

ತಪ್ಪುಗಳು ಆಗುವುದೂ ಇಲ್ಲೇ. ಸ್ಪೈಕ್ಸ್ ಹಾಕಿಕೊಂಡೇ ಕೋಣೆಗೆ ಕಾಲಿಡುವುದು, ಊರುಗೋಲನ್ನು ಗೋಡೆಗೆ ಒರಗಿಸುವುದು, ಬೂಟಿನ ಹಿಮವನ್ನು ಗೋಡೆಯ ಬುಡಕ್ಕೆ ಕುಟ್ಟಿ ಉದುರಿಸುವುದು. ಮೂರೂ ಬೇಡ. ಮಣ್ಣಿನ ಗಾರೆಗೆ ನೀರೇ ಶತ್ರು. 1800ರ ದಶಕದ ಕೊನೆಯಲ್ಲಿ ಮಡಕೆ ಕದಿಯಲು ಬಂದವರು ಒಳಗೆ ಬೆಳಕು ಬರಲೆಂದು ಗೋಡೆಗಳನ್ನು ಡೈನಮೈಟ್ ಇಟ್ಟು ಒಡೆದಿದ್ದಾರೆ, ಉಳಿದದ್ದೇ ಕಡಿಮೆ. ಮಸಿ ಮುಟ್ಟಬೇಡಿ, ತಿಂಡಿ ಪೊಟ್ಟಣವನ್ನೂ ಇಲ್ಲಿ ಬಿಚ್ಚಬೇಡಿ.

ಅಪಾಯದ ಸೂಚನೆ: ಸೂರಿನ ಅಂಚಿನಲ್ಲಿ ಐಸ್ ಕೋಲುಗಳು ತೂಗುತ್ತಿದ್ದು ಬಿಸಿಲು ಅವಕ್ಕೆ ತಾಕಿದ್ದರೆ ಕೆಳಗೆ ನಿಲ್ಲಬೇಡಿ, ಫೋಟೋಗೂ. ಟಕ್ ಟಕ್ ಎಂದು ಸಣ್ಣ ಕಲ್ಲು ಉದುರುವ ಸದ್ದು ಕೇಳಿದರೆ ತಲೆ ಎತ್ತಿ ನೋಡುತ್ತ ನಿಲ್ಲದೆ ಮುಂದೆ ನಡೆಯಿರಿ. ಹೆಪ್ಪುಗಟ್ಟಿ ಕರಗುವ ನೀರು ಬಿರುಕನ್ನು ಸಡಿಲಿಸುತ್ತಿದೆ ಎಂದರ್ಥ.

## ಹಂತ 8: ಹತ್ತುವುದು

ಇಳಿದದ್ದರ ಎರಡರಷ್ಟು ಸಮಯ ಇಟ್ಟುಕೊಳ್ಳಿ. ಮೂವತ್ತು ಮೆಟ್ಟಿಲಿಗೊಮ್ಮೆ ನಿಲ್ಲಿ, ಬೆವರುವ ಮೊದಲೇ ಒಂದು ಪದರ ಬಿಚ್ಚಿ, ಗುಟುಕು ನೀರು ಕುಡಿಯಿರಿ. ಮಾತನಾಡುತ್ತ ಹತ್ತಲಾಗದಿದ್ದರೆ ವೇಗ ಹೆಚ್ಚಾಯಿತು.

ತಲೆನೋವು, ವಾಕರಿಕೆ ಎತ್ತರದ ಲಕ್ಷಣ, ಕೂತು ಸುಧಾರಿಸಿಕೊಳ್ಳಿ. ತೊದಲು, ತಡವರಿಕೆ, ಮುಗ್ಗರಿಕೆ ಕಂಡರೆ ಮೈಯ ಶಾಖ ಇಳಿಯುತ್ತಿರಬಹುದು, ಅದು ತುರ್ತು. ಒದ್ದೆ ಬಟ್ಟೆ ಬದಲಿಸಿ, ಬೆಚ್ಚಗೆ ಸುತ್ತಿ, ರೇಂಜರ್‌ಗೆ ಸುದ್ದಿ ಮುಟ್ಟಿಸಿ. ಬೆರಳ ತುದಿ ಮೇಣದಂತೆ ಬಿಳಿಚಿ ಮರಗಟ್ಟಿದ್ದರೆ ಕಂಕುಳಲ್ಲಿಟ್ಟು ಬಿಸಿ ಮಾಡಿ, ಉಜ್ಜಬೇಡಿ. ಹಿಮ ಹಾಕಿ ಉಜ್ಜುವ ಹಳೇ ಸಲಹೆಯಂತೂ ಶುದ್ಧ ತಪ್ಪು.

## ಹಂತ 9: ಟ್ರೇಲ್ ಮುಚ್ಚಿದ್ದರೆ

ರಿಮ್ ಟ್ರೇಲ್ ಹೋಗಿಬರಲು 0.7 ಮೈಲಿ, ಹೆಚ್ಚು ಏರಿಳಿತವಿಲ್ಲ. ಬೈನಾಕ್ಯುಲರ್ ಈಗ ಬೇಕು. ನಿಜ ಹೇಳಬೇಕೆಂದರೆ ಎದುರು ಗೋಡೆಯ ಮನೆಗಳನ್ನು ಹುಡುಕಲು ಹಿಮದ ದಿನವೇ ಅನುಕೂಲ: ಪ್ರತಿ ಬಂಡೆಪದರದ ಮೇಲೆ ಬಿಳಿ ಗೆರೆ, ಅದರ ಕೆಳಗೆ ಕಪ್ಪು ಪಟ್ಟೆ. ಆ ಕಪ್ಪು ಪಟ್ಟೆಗಳ ಉದ್ದಕ್ಕೂ ನಿಧಾನವಾಗಿ ಎಡದಿಂದ ಬಲಕ್ಕೆ ನೋಡುತ್ತ ಹೋಗಿ. ನೇರ ಅಂಚು ಅಥವಾ ಚೌಕ ತೂತು ಕಂಡಲ್ಲಿ ನಿಲ್ಲಿಸಿ, ಅದು ಮನೆ. ಬೇಸಿಗೆಯಲ್ಲಿ ಎಲ್ಲವೂ ಒಂದೇ ಬೂದುಬಣ್ಣ.

ಅದು ಸಾಲದೆನಿಸಿದರೆ ಮರಳುವ ದಾರಿಯಲ್ಲಿ ಐ-17ರ 289ನೇ ಎಕ್ಸಿಟ್‌ನಲ್ಲಿ ಮಾಂಟೆಝುಮಾ ಕ್ಯಾಸಲ್ ಎಂಬ ಇನ್ನೊಂದು ಪುರಾತನ ಬಂಡೆಮನೆ ಇದೆ. ಫ್ಲ್ಯಾಗ್‌ಸ್ಟಾಫ್‌ಗಿಂತ ಮೂರೂವರೆ ಸಾವಿರ ಅಡಿ ಕೆಳಗಿರುವುದರಿಂದ ಹಿಮದ ಕಾಟ ಅಪರೂಪ. ಐದು ಅಂತಸ್ತು, 20 ಕೋಣೆ, ಮೂರನೇ ಒಂದು ಮೈಲಿಯ ಸಮತಟ್ಟು ದಾರಿ, ಗಾಲಿಕುರ್ಚಿಗೂ ಅಡ್ಡಿಯಿಲ್ಲ. 1951ರಿಂದ ಒಳಗೆ ಹತ್ತಲು ಬಿಡುವುದಿಲ್ಲ, ಕೆಳಗಿನಿಂದ ನೋಡಬೇಕು. ಹಿರಿಯರಿದ್ದರೆ ಇದನ್ನೇ ಮೊದಲ ಆಯ್ಕೆ ಮಾಡಿಕೊಂಡರೂ ನಷ್ಟವಿಲ್ಲ. ಫ್ಲ್ಯಾಗ್‌ಸ್ಟಾಫ್‌ನ ಉತ್ತರಕ್ಕಿರುವ ವುಪಟ್ಕಿ, ಸನ್‌ಸೆಟ್ ಕ್ರೇಟರ್ ಎಂಬ ತಾಣಗಳನ್ನೂ ಅದೇ ದಿನ ತುರುಕಬೇಡಿ, ಹಗಲು ಸಾಲದು.

## ಹಂತ 10: ವಾಪಸು

ಎರಡು ಗಂಟೆಗೆ ಕಣಿವೆ ಬಿಡಿ. ಸೂರ್ಯಾಸ್ತ ಐದೂವರೆಗೇ ಇರಬಹುದು, ಆದರೆ ರಸ್ತೆಯ ನೆರಳು ಮೂರೂವರೆಯಿಂದಲೇ ಹೆಪ್ಪುಗಟ್ಟಲು ಶುರು. ಸಂಜೆಗತ್ತಲಲ್ಲಿ ಎಲ್ಕ್ ಎಂಬ ದೈತ್ಯ ಜಿಂಕೆಗಳು ರಸ್ತೆಗಿಳಿಯುತ್ತವೆ. ಭಾನುವಾರವಾದರೆ ದಕ್ಷಿಣಕ್ಕೆ ಹೋಗುವ ಸಾಲು ಮೈಲಿಗಟ್ಟಲೆ.

ಮೊದಲು ಸಾಕ್ಸ್ ಬದಲಿಸಿ. ಕಾರಿನ ಮೇಲ್ಛಾವಣಿಯ ಹಿಮವನ್ನೂ ಕೆಳಗೆ ಎಳೆದು ಹಾಕಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಅದು ನಿಮ್ಮ ಮುಂದಿನ ಗಾಜಿನ ಮೇಲೇ ಜಾರಿ ಬರುತ್ತದೆ. ಕ್ಯಾಂಪ್ ವರ್ಡೆವರೆಗಿನ ಇಳಿಜಾರಿಗೆ ಕಡಿಮೆ ಗೇರ್.

ರಸ್ತೆ ಬಂದ್ ಆಗಿ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯಬೇಡಿ. ಎಂಜಿನ್ ಹಾಕುವ ಮುನ್ನ ಪ್ರತಿ ಸಲವೂ ಇಳಿದು ಸೈಲೆನ್ಸರ್ ಬಾಯಿಗೆ ಹಿಮ ಅಡ್ಡ ಬಂದಿಲ್ಲವೆಂದು ನೋಡಿ. ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ, ವಾಸನೆ ಬರುವುದಿಲ್ಲ. ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿ, ಒಂದು ಕಿಟಕಿ ಬೆರಳಷ್ಟು ತೆರೆದಿರಲಿ. ರಾತ್ರಿ ಫ್ಲ್ಯಾಗ್‌ಸ್ಟಾಫ್‌ನಲ್ಲೇ ಉಳಿಯುವಂತಾದರೆ ಬೀದಿಯಲ್ಲಿ ಕಾರು ನಿಲ್ಲಿಸಬೇಡಿ. ನವೆಂಬರ್ 1ರಿಂದ ಏಪ್ರಿಲ್ 1ರವರೆಗೆ ಮಧ್ಯರಾತ್ರಿಯಿಂದ ಬೆಳಗ್ಗೆ ಏಳರವರೆಗೆ ಅಲ್ಲಿ ನಿಷೇಧ.

ಮನೆ ಮುಟ್ಟಿದ ಮೇಲೆ ಎರಡು ಕೆಲಸ. ಮೇಲೆ ಟೈರಿಗೆ ಗಾಳಿ ತುಂಬಿಸಿದ್ದರೆ ಮರುದಿನ ಬೆಳಗ್ಗೆ ತಣ್ಣಗಿರುವಾಗ ಅಳೆದು ಹೆಚ್ಚಿನದನ್ನು ಬಿಡಿ. ಗಾಜಿನಲ್ಲಿ ಸಿಂಡರ್ ಬಡಿದ ಚುಕ್ಕೆ ಇದೆಯೇ ಬೆರಳಾಡಿಸಿ ನೋಡಿ, ಇದ್ದರೆ ಆ ವಾರವೇ ರೆಸಿನ್ ತುಂಬಿಸಿ. ಏಪ್ರಿಲ್ ಬಿಸಿಲು ಬರುವ ಹೊತ್ತಿಗೆ ಅದು ಗಾಜಿನ ಅಡ್ಡಗಲಕ್ಕೂ ಸೀಳಿರುತ್ತದೆ.